ಅಕ್ಕನ ಕಿಡ್ನಿಗೆ ಖಾಯಂ ಆದೇಶ

ನೀರು ಸರಬರಾಜು ಕಚೇರಿಯ ಹೆಡ್ ಕ್ಲರ್ಕರನ್ನು ಎಲ್ಲರೂ ಷರಾ ಸಾಹೇಬರು ಎಂದೇ ಕರೆಯುತ್ತಿದ್ದರು. ಯಾವ ಕಾಗದ ಬಂದರೂ ಅದರ ಅಂಚಿನಲ್ಲಿ ಒಂದು ಷರಾ ಬರೆಯದೆ ಅವರು ಮುಂದಕ್ಕೆ ಬಿಟ್ಟವರಲ್ಲ. ಮೇಲಧಿಕಾರಿಯ ಮಗಳ ಮದುವೆಯ ಕರೆಯೋಲೆಯ ಮೇಲೂ 'ಊಟದ ಸಮಯ ನಮೂದಿಸಿರುವುದಿಲ್ಲ, ಸ್ಪಷ್ಟೀಕರಣ ಕೋರಿದೆ' ಎಂದು ಬರೆದು ವಾಪಸ್ ಕಳಿಸಿದ ಖ್ಯಾತಿ ಅವರದು. ಮನೆಯಲ್ಲಿ ಹೆಂಡತಿ ಬರೆದ ದಿನಸಿ ಚೀಟಿಯನ್ನೂ ಬಿಡುತ್ತಿರಲಿಲ್ಲ. 'ಸಾಬೂನು ಕಳೆದ ವಾರವಷ್ಟೇ ತರಲಾಗಿದೆ, ಪರಿಶೀಲಿಸುವುದು' ಎಂದು ಬರೆದು, ಸಹಿ ಹಾಕಿ, ಚೀಟಿಯನ್ನು ಅಡುಗೆಮನೆಗೆ ಹಿಂತಿರುಗಿಸುತ್ತಿದ್ದರು. ಹೆಂಡತಿ ಅದರ ಹಿಂಬದಿಯಲ್ಲಿ 'ತರದಿದ್ದರೆ ಬಟ್ಟೆಯನ್ನು ತಾವೇ ಒಗೆಯುವುದು' ಎಂದು ಬರೆದು ಮತ್ತೆ ಹೊರಗೆ ಕಳಿಸುತ್ತಿದ್ದಳು. ಅಲ್ಲಿಗೆ ಕಡತ ಮುಕ್ತಾಯವಾಗುತ್ತಿತ್ತು.

ಅವರ ಸಹಿಯ ಬಗ್ಗೆ ಎರಡು ಮಾತು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ಒಳಗೆ ಎರಡು ಸುರುಳಿ, ಹೊರಗೆ ಉದ್ದನೆಯ ಬಾಲ, ಬಾಲದ ತುದಿಯಲ್ಲಿ ಒಂದು ಚುಕ್ಕೆ. ಮೂವತ್ತು ವರ್ಷದಲ್ಲಿ ಒಂದು ಗೆರೆ ಆಚೀಚೆ ಆಗಿರಲಿಲ್ಲ. ಹೊಸದಾಗಿ ಸೇರಿದ ಗುಮಾಸ್ತರು ಆ ಸಹಿಯನ್ನು ರಫ್ ಕಾಗದದ ಮೇಲೆ ಬಿಡಿಸಲು ಹೋಗಿ ಸೋತು ಸುಮ್ಮನಾಗುತ್ತಿದ್ದರು. ಅದನ್ನು ಕಂಡಾಗಲೆಲ್ಲ ಷರಾ ಸಾಹೇಬರ ಎದೆ ಎರಡು ಅಂಗುಲ ಉಬ್ಬುತ್ತಿತ್ತು.

ಇಂಥವರ ಎರಡೂ ಕಿಡ್ನಿಗಳು ಐವತ್ತೆರಡನೇ ವಯಸ್ಸಿಗೆ ಕೈಕೊಟ್ಟವು. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ, ರಕ್ತವನ್ನು ಯಂತ್ರದಲ್ಲಿ ಸೋಸಿಸಿಕೊಂಡು ಬರಬೇಕಾಯಿತು. ಪಟ್ಟಣಕ್ಕೆಲ್ಲ ಸೋಸಿದ ನೀರು ಕೊಡುವ ಕಚೇರಿಯವರಿಗೇ ಸೋಸುವ ಯಂತ್ರ ಕೆಟ್ಟಿತಲ್ಲ ಎಂದು ಸಹೋದ್ಯೋಗಿಗಳು ಎದುರಿಗೆ ಮರುಗಿದರು, ಬೆನ್ನ ಹಿಂದೆ ನಕ್ಕರು. ಬೇರೆಯವರ ಕಿಡ್ನಿ ಕೂರಿಸುವುದೇ ದಾರಿ ಎಂದು ಡಾಕ್ಟರಮ್ಮ ಹೇಳಿದಾಗ, ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಹೊಂದಿದ್ದು ಅಕ್ಕನದು.

ಈ ಅಕ್ಕ ಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದು ಆಗಷ್ಟೇ ನಿವೃತ್ತಳಾದವಳು. ಕತ್ತಿನಲ್ಲಿ ಸೀಟಿ ತೂಗುಹಾಕಿಕೊಂಡೇ ಮೂವತ್ತೈದು ವರ್ಷ ಕಳೆದಿದ್ದಳು. ನಿವೃತ್ತಿಯ ದಿನ ಹಾರ, ಶಾಲು ಎಲ್ಲ ಅಲ್ಲೇ ಬಿಟ್ಟು ಸೀಟಿಯನ್ನು ಮಾತ್ರ ಮನೆಗೆ ತಂದಳು. ತಮ್ಮನ ವಿಷಯ ಕೇಳಿದ್ದೇ ಆಸ್ಪತ್ರೆಗೆ ಬಂದು, "ನಂದು ತಗೊಳ್ಳಿ, ಎರಡಿದೆ" ಅಂದಳು.

ಷರಾ ಸಾಹೇಬರು ಅಕ್ಕನ ಎರಡೂ ಕೈ ಹಿಡಿದುಕೊಂಡರು. ಆದರೆ ರೂಢಿ ಎಲ್ಲಿಗೆ ಹೋಗುತ್ತದೆ? "ಅಕ್ಕಾ, ಅದನ್ನ ಒಂದು ಅರ್ಜಿ ರೂಪದಲ್ಲಿ ಬರ್ಕೊಟ್ರೆ..." ಎಂದು ಶುರುಮಾಡಿದರು.

ಅಕ್ಕ ಸೀಟಿ ಊದಿದಳು. ಅರ್ಜಿಯ ಮಾತು ಅಲ್ಲಿಗೆ ನಿಂತಿತು.

ಆಪರೇಷನ್ ಚೆನ್ನಾಗಿ ಆಯಿತು. ಅಕ್ಕನ ಕಿಡ್ನಿ ತಮ್ಮನ ಹೊಟ್ಟೆಯ ಬಲಗಡೆ ಕೆಳಗೆ ಕೂತು, ಅರ್ಧ ಗಂಟೆಯಲ್ಲೇ ಕೆಲಸ ಶುರುಮಾಡಿತು. ಮನೆಗೆ ಹೊರಡುವ ದಿನ ಡಾಕ್ಟರಮ್ಮ ಮೂರು ಬಗೆಯ ಮಾತ್ರೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು.

"ನಿಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ಒಳಗೆ ಬಂದದ್ದು ನಿಮ್ಮದಾ, ಹೊರಗಿನದಾ ಅಂತ ನೋಡೋದೇ ಅವುಗಳ ಕೆಲಸ. ಹೊರಗಿನದು ಅಂತ ಕಂಡ್ರೆ ಒಡೆದು ಹಾಕ್ತವೆ. ರೋಗದ ಕ್ರಿಮಿ ಬಂದ್ರೆ ಅದು ಒಳ್ಳೇದೇ. ಆದ್ರೆ ನಿಮ್ಮಕ್ಕನ ಕಿಡ್ನಿ ನಿಮ್ಮನ್ನ ಉಳಿಸೋಕೆ ಬಂದಿದೆ ಅನ್ನೋದು ಅವಕ್ಕೆ ಗೊತ್ತಾಗಲ್ಲ."

"ಅಂದ್ರೆ ಆಕ್ಷೇಪಣೆ ವಿಭಾಗ" ಅಂದರು ಷರಾ ಸಾಹೇಬರು. ಅವರ ಮುಖ ಅರಳಿತ್ತು. ತಮ್ಮ ಮೈಯೊಳಗೂ ಇಷ್ಟು ಶಿಸ್ತಿನ ಸಿಬ್ಬಂದಿ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ.

"ಹಂಗೇ ಅಂದ್ಕೊಳ್ಳಿ. ಈ ಮೊದಲನೇ ಮಾತ್ರೆ, ಆಕ್ಷೇಪಣೆ ಬರೆದ ಕಣದ ಸುದ್ದಿ ಮಿಕ್ಕವಕ್ಕೆ ಮುಟ್ಟದ ಹಾಗೆ ತಡೆಯುತ್ತೆ. ಎರಡನೇದು, ಅವು ಒಂದಕ್ಕೆ ಹತ್ತಾಗಿ ಹೆಚ್ಚದ ಹಾಗೆ ನೋಡ್ಕೊಳ್ಳುತ್ತೆ. ಮೂರನೇದು ಸ್ಟಿರಾಯ್ಡು, ಒಟ್ಟಾರೆ ಗಲಾಟೆ ತಣ್ಣಗೆ ಮಾಡುತ್ತೆ."

"ಟಪಾಲು ಬಂದ್, ಹೊಸ ನೇಮಕಾತಿ ಬಂದ್, ಕೂಗಾಡೋರಿಗೆ ನೋಟೀಸು" ಎಂದು ಸಾಹೇಬರು ತಮ್ಮ ಡೈರಿಯಲ್ಲಿ ಬರೆದುಕೊಂಡರು.

ಡಾಕ್ಟರಮ್ಮನಿಗೆ ನಗು ಬಂತು, ಆದರೂ ಬೆರಳೆತ್ತಿ ಹೇಳಿದರು: "ಮೊದಲನೇದು ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ. ಒಂದು ಹೊತ್ತೂ ತಪ್ಪಬಾರದು. ಕಣಗಳ ಕೈ ಕಟ್ಟಿರೋದ್ರಿಂದ ನೆಗಡಿ, ಜ್ವರ ಬೇಗ ಅಂಟುತ್ತೆ. ಸೀನೋರಿಂದ ದೂರ ಇರಿ, ಜನಜಂಗುಳಿಯಲ್ಲಿ ಮಾಸ್ಕ್ ಹಾಕ್ಕೊಳ್ಳಿ."

"ಎಷ್ಟು ದಿನ ಡಾಕ್ಟ್ರೇ?"

"ಆ ಕಿಡ್ನಿ ಇರೋವರೆಗೂ."

ಷರಾ ಸಾಹೇಬರು ತಲೆಯಾಡಿಸಿದರು. ಅವರ ಕಚೇರಿಯಲ್ಲಿ ಇದಕ್ಕೆ 'ಮುಂದಿನ ಆದೇಶದವರೆಗೆ' ಎನ್ನುತ್ತಿದ್ದರು. ಮುಂದಿನ ಆದೇಶ ಎನ್ನುವುದು ಯಾವತ್ತೋ ಒಂದು ದಿನ ಬಂದೇ ಬರುತ್ತದೆ ಎಂಬುದು ಅವರ ಮೂವತ್ತು ವರ್ಷದ ಅನುಭವ.

ಕಚೇರಿಗೆ ಮರಳಿದ ಮೇಲೆ, ಸೀನಿದವರನ್ನು ಕೂಡಲೇ ರಜೆಯ ಮೇಲೆ ಕಳಿಸುವುದು ಎಂದು ಅವರೇ ಒಂದು ಸುತ್ತೋಲೆ ಹೊರಡಿಸಿದರು. ಮೊದಲ ವಾರ ಇಬ್ಬರು ಸೀನಿದರು. ಎರಡನೇ ವಾರ ಒಂಬತ್ತು ಮಂದಿ. ಊರಲ್ಲಿ ಕ್ರಿಕೆಟ್ ಪಂದ್ಯವಿದ್ದ ಶುಕ್ರವಾರ ಇಡೀ ಕಚೇರಿ ಒಟ್ಟಿಗೆ ಸೀನಿತು. ಡ್ರೈವರ್ ಅಂತೂ ಬಾಗಿಲ ಹೊರಗೆ ನಿಂತು, ಮೂಗಿಗೆ ಏನೋ ಪುಡಿ ಏರಿಸಿಕೊಂಡು, ಒಳಗೆ ಓಡಿಬಂದು ಸೀನಿ, ಮತ್ತೆ ಹೊರಗೋಡಿದ. ಸುತ್ತೋಲೆಯನ್ನು ಹಿಂಪಡೆದು, ಸಾಹೇಬರು ತಮ್ಮ ಮೇಜನ್ನು ಕಿಟಕಿಯ ಪಕ್ಕದ ಮೂಲೆಗೆ ಹಾಕಿಸಿಕೊಂಡರು.

ಅಕ್ಕನ ಕಾಟ ಬೇರೆ. ಬೆಳಿಗ್ಗೆ ಎಂಟಕ್ಕೆ ಫೋನ್ ಬರುತ್ತಿತ್ತು. ಎತ್ತಿದರೆ ಮಾತಿಲ್ಲ, ಕಥೆಯಿಲ್ಲ, ಬರೀ ಸೀಟಿ. ಸಂಜೆ ಎಂಟಕ್ಕೆ ಮತ್ತೆ ಸೀಟಿ. ಭಾನುವಾರ ಖುದ್ದಾಗಿ ಬಂದು, ತಮ್ಮನ ಮುಖವನ್ನೂ ನೋಡದೆ ಹೊಟ್ಟೆಯ ಬಲಗಡೆಗೆ ಕಣ್ಣು ನೆಟ್ಟು, "ಹೇಗಿದೆ ನಮ್ಮನೇದು?" ಎಂದು ಕೇಳುತ್ತಿದ್ದಳು. ಸಾಹೇಬರು ಒಂದು ಲೋಟ ನೀರು ಕಡಿಮೆ ಕುಡಿದರೆ, "ಅದಕ್ಕೆ ಚಿಕ್ಕಂದಿನಿಂದ ಜಾಸ್ತಿ ನೀರು ಕುಡಿದು ಅಭ್ಯಾಸ ಕಣೋ, ಪಾಪ" ಎಂದು ಗದರುತ್ತಿದ್ದಳು. ಐವತ್ತು ದಾಟಿದ ಗಂಡಸಿಗೆ ಹೊಟ್ಟೆಯೊಳಗೇ ಅಕ್ಕನ ಮನೆಯವರು ಬಂದು ಕೂತಂತೆ ಆಗಿತ್ತು.

ಆದರೂ ಇದನ್ನೆಲ್ಲ ಅವರು ಸಹಿಸಿದರು. ಸಹಿಸಲಾಗದ್ದು ಒಂದೇ. ಮೊದಲನೇ ಮಾತ್ರೆಯಿಂದ ಅವರ ಕೈ ಸಣ್ಣಗೆ ನಡುಗುತ್ತಿತ್ತು. ಕೆಲವರಿಗೆ ಹಾಗಾಗುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆದರೆ ಸಹಿ? ಆ ಸಹಿ ಈಗ ಶಾಯಿಯಲ್ಲಿ ಬಿದ್ದ ಇರುವೆ ಹೇಗೋ ಎದ್ದು ಮನೆಗೆ ಹೋದ ದಾರಿಯಂತೆ ಕಾಣುತ್ತಿತ್ತು. ಒಂದು ದಿನ ಬ್ಯಾಂಕಿನವರು, ಸಹಿ ಹೊಂದುತ್ತಿಲ್ಲ ಎಂದು ಅವರ ಕಾಗದವನ್ನು ತಿರುಗಿಸಿ ಕಳಿಸಿದರು. ಜೀವಮಾನವಿಡೀ ಬೇರೆಯವರ ಕಾಗದ ತಿರುಗಿಸಿದ ಮನುಷ್ಯ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ಅದೇ ವಾರ ಕಿಡ್ನಿ ಬಂದು ಒಂದು ವರ್ಷ ತುಂಬಿತು. ಒಂದು ವರ್ಷ ಎಂದೊಡನೆ ಸಾಹೇಬರ ತಲೆಯಲ್ಲಿ ಗಂಟೆ ಬಾರಿಸಿತು. ಅವರ ಕಚೇರಿಯಲ್ಲಿ ಹೊಸಬರಿಗೆ ಒಂದು ವರ್ಷ ಪ್ರೊಬೇಷನ್. ಅಷ್ಟರೊಳಗೆ ದೂರು ಬರದಿದ್ದರೆ ಖಾಯಂ. ಖಾಯಂ ಆದವರ ಮೇಲೆ ಯಾರೂ ಆಕ್ಷೇಪಣೆ ಎತ್ತುವಂತಿಲ್ಲ. ಹಾಗಿರುವಾಗ ಕಿಡ್ನಿಗೆ ಮಾತ್ರ ಯಾಕೆ ಬೇರೆ ನಿಯಮ? ಒಂದು ವರ್ಷ ಒಂದೇ ಸೂರಿನಡಿ ಇದ್ದ ಮೇಲೆ ಬಿಳಿ ಕಣಗಳಿಗೂ ಅದರ ಮುಖಪರಿಚಯ ಆಗಿರಬೇಕಲ್ಲ?

ಮಾತ್ರೆ ದಿನವೂ ನುಂಗಲೇಬೇಕೇ ಎಂಬ ಒಂದೇ ಒಂದು ಅನುಮಾನವನ್ನು ಅವರು ಟೈಪಿಸ್ಟಮ್ಮನ ಹತ್ತಿರ ಬಗೆಹರಿಸಿಕೊಂಡರು. ಟೈಪಿಸ್ಟಮ್ಮನದೂ ಇದೇ ಜಾತಿಯ ಔಷಧಿ, ಕಾರಣ ಬೇರೆ. ಅವರ ಬಿಳಿ ಕಣಗಳು ದಾರಿ ತಪ್ಪಿ, ಅವರದೇ ಬೆರಳ ಕೀಲುಗಳನ್ನು ಹೊರಗಿನವು ಎಂದು ತಿಳಿದು ಕಚ್ಚಾಡಿ ಊದಿಸಿಬಿಟ್ಟಿದ್ದವು. ಮಾತ್ರೆ ಶುರುವಾದ ಮೇಲೆಯೇ ಅವರ ಬೆರಳು ಮತ್ತೆ ಕೀಲಿಮಣೆ ಮುಟ್ಟಿದ್ದು.

"ನೀವು ದಿನಕ್ಕೆ ಎಷ್ಟು ಸಲ ತಗೊಳ್ತೀರಮ್ಮ?"

"ನಂದು ವಾರಕ್ಕೊಂದೇ ದಿನ ಸಾರ್."

ವಾರಕ್ಕೊಂದೇ! ಸಾಹೇಬರಿಗೆ ಇಷ್ಟು ಸಾಕಾಯಿತು. ಅದು ಬೇರೆ ಮಾತ್ರೆ, ಬೇರೆ ಕಾಯಿಲೆ, ಬೇರೆ ಲೆಕ್ಕಾಚಾರ ಎಂದು ಆಕೆ ಹೇಳುತ್ತಿದ್ದದ್ದು ಅವರ ಕಿವಿಗೆ ಬೀಳಲೇ ಇಲ್ಲ. ಕೂತು ಕರಡು ಬರೆದರು, ಆಕೆಗೆ ಟೈಪಿಸಲು ಕೊಟ್ಟರು. ಕಿಡ್ನಿಯ ವರ್ಷಾಚರಣೆಗೆ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಆಕೆ ನಗುನಗುತ್ತಾ ಟೈಪಿಸಿದರು. ಆದೇಶ ಹೀಗಿತ್ತು:

'ವಿಷಯ: ಹೊಟ್ಟೆಯ ಬಲ ಕೆಳಭಾಗದಲ್ಲಿ ತಾತ್ಕಾಲಿಕವಾಗಿ ಕಾರ್ಯನಿರ್ವಹಿಸುತ್ತಿರುವ ಕಿಡ್ನಿಯನ್ನು ಖಾಯಂಗೊಳಿಸುವ ಬಗ್ಗೆ. ಸದರಿ ಕಿಡ್ನಿಯು ಒಂದು ವರ್ಷದ ಪ್ರೊಬೇಷನ್ ಅವಧಿಯನ್ನು ತೃಪ್ತಿಕರವಾಗಿ ಪೂರೈಸಿದ್ದು, ಅದರ ನಡತೆಯ ಬಗ್ಗೆ ಯಾವುದೇ ದೂರು ಬಂದಿರುವುದಿಲ್ಲವಾದ್ದರಿಂದ, ಅದನ್ನು ಈ ಶರೀರದ ಖಾಯಂ ಸೇವೆಗೆ ಸೇರಿಸಿಕೊಂಡು ಆದೇಶಿಸಲಾಗಿದೆ. ಸದರಿಯವರ ರಕ್ಷಣೆಗೆಂದು ನೀಡಲಾಗುತ್ತಿದ್ದ ಮಾತ್ರೆಗಳನ್ನು ಹಂತಹಂತವಾಗಿ ನಿಲ್ಲಿಸತಕ್ಕದ್ದು. ಪ್ರತಿ: ಹೃದಯ, ಯಕೃತ್ತು, ಶ್ವಾಸಕೋಶ (ಎಡ ಮತ್ತು ಬಲ), ಇವರಿಗೆ ಮಾಹಿತಿಗಾಗಿ. ಬಿಳಿ ರಕ್ತಕಣಗಳಿಗೆ, ಕಟ್ಟುನಿಟ್ಟಿನ ಪಾಲನೆಗಾಗಿ.'

ಬಿಳಿ ರಕ್ತಕಣಗಳು ಕನ್ನಡ ಓದುವುದಿಲ್ಲ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಮೊದಲ ಹಂತದಲ್ಲಿ ಸಂಜೆಯ ಮಾತ್ರೆಗಳು ನಿಂತವು. ಫೋನಿನಲ್ಲಿ ಸೀಟಿ ಬಂದಾಗ ಸಾಹೇಬರು ಬರೀ ನೀರನ್ನು ಗಟಗಟ ಸದ್ದು ಮಾಡುತ್ತಾ ಕುಡಿದು, "ಆಯ್ತಕ್ಕಾ" ಅನ್ನುತ್ತಿದ್ದರು. ಹೆಂಡತಿ ಡಬ್ಬಿಯಲ್ಲಿ ಹಾಕಿಡುತ್ತಿದ್ದ ಮಾತ್ರೆಗಳನ್ನು ಬಿಸಾಡಲು ಅವರಿಗೆ ಮನಸ್ಸು ಬರಲಿಲ್ಲ. ಯಾವ ವಸ್ತುವನ್ನೂ ದಾಖಲೆಯಿಲ್ಲದೆ ವಿಲೇವಾರಿ ಮಾಡಿದವರಲ್ಲ ಅವರು. ಒಂದೊಂದು ಹೊತ್ತಿನ ಮಾತ್ರೆಯನ್ನೂ ಒಂದೊಂದು ಪುಟ್ಟ ಲಕೋಟೆಯಲ್ಲಿ ಹಾಕಿ, ತಾರೀಕು ಬರೆದು, ಆದೇಶದ ಕಡತಕ್ಕೇ ಲಗತ್ತಿಸಿದರು. ಹತ್ತು ದಿನಕ್ಕೆ ಕೈ ನಡುಕ ಇಳಿಯಿತು. ಇನ್ನೊಂದು ವಾರಕ್ಕೆ ಬೆಳಗಿನ ಮಾತ್ರೆಗಳೂ ಕಡತ ಸೇರಿದವು. ಸಹಿ ಮತ್ತೆ ಎರಡು ಸುರುಳಿ, ಉದ್ದ ಬಾಲ, ತುದಿಗೆ ಚುಕ್ಕೆಯೊಂದಿಗೆ ಮೆರೆಯಿತು. ಬ್ಯಾಂಕಿಗೆ ಹೋಗಿ, ಕೆಲಸವಿಲ್ಲದಿದ್ದರೂ ಮೂರು ಕಡೆ ಸಹಿ ಹಾಕಿ ಬಂದರು.

ವರ್ಷ ತುಂಬಿದ್ದರಿಂದ ರಕ್ತಪರೀಕ್ಷೆ ಎರಡು ತಿಂಗಳಿಗೊಮ್ಮೆ ಎಂದಾಗಿತ್ತು. ಹಾಗಾಗಿ ಸಾಹೇಬರ ಗುಟ್ಟು ಯಾರಿಗೂ ತಿಳಿಯಲಿಲ್ಲ. ಮೊದಲು ತಿಳಿದದ್ದು ಅವರ ಚಪ್ಪಲಿಗೆ. ಒಂದು ಬೆಳಿಗ್ಗೆ ಕಾಲು ಅದರೊಳಗೆ ಹೋಗಲಿಲ್ಲ. ಪಾದ ಊದಿತ್ತು, ಮುಖ ಊದಿತ್ತು, ಮೂತ್ರ ಕಡಿಮೆಯಾಗಿತ್ತು. "ರೀ, ಇದು ಸರಿಯಿಲ್ಲ" ಎಂದು ಹೆಂಡತಿ ತಡಮಾಡದೆ ಆಟೋ ಕರೆದಳು. ದಾರಿಯಲ್ಲೇ ಅಕ್ಕನಿಗೂ ಫೋನ್ ಹೋಯಿತು.

ಡಾಕ್ಟರಮ್ಮ ವರದಿಗಳನ್ನು ನೋಡಿ ಕನ್ನಡಕ ತೆಗೆದರು. ಹಾಸಿಗೆಯ ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಅಕ್ಕ ನಿಂತಿದ್ದರು.

"ಮೈ ಆ ಕಿಡ್ನಿಯನ್ನ ತಿರಸ್ಕಾರ ಮಾಡ್ತಿದೆ. ಬಿಳಿ ಕಣ ನುಗ್ಗಿವೆ. ಈಗ ನನಗೆ ಒಂದು ವಿಷಯ ಗೊತ್ತಾಗಬೇಕು. ಮಾತ್ರೆ ತಪ್ಪಿಸಿದ್ರಾ?"

ಸಾಹೇಬರು ಅಕ್ಕನ ಕಡೆ ನೋಡಿದರು. ಅಕ್ಕ ಅವರನ್ನೇ ನೋಡುತ್ತಿದ್ದಳು.

"ಇಲ್ಲ ಡಾಕ್ಟ್ರೇ."

"ಸರಿಯಾಗಿ ತಗೊಂಡೂ ಹೀಗಾಗಿದ್ರೆ ಇದಕ್ಕಿಂತ ಜೋರಾದ ಔಷಧಿಗೆ ಹೋಗಬೇಕಾಗುತ್ತೆ. ಅದು ಮೈಯ ಕಾವಲನ್ನ ಇನ್ನೂ ಬರಿದು ಮಾಡುತ್ತೆ. ಸ್ಟಿರಾಯ್ಡ್ ಈಗಲೇ ಶುರುಮಾಡ್ತೀನಿ. ರಕ್ತದಲ್ಲಿ ಮಾತ್ರೆ ಎಷ್ಟಿದೆ ಅನ್ನೋ ವರದಿ ನಾಳೆ ಬರುತ್ತೆ, ಆಮೇಲೆ ಮುಂದಿನದು" ಎಂದು ಡಾಕ್ಟರಮ್ಮ ಹೊರಟುಹೋದರು.

ಅಕ್ಕ ಹೊರಗೆ ಹೋದಳು, ಹಿಂದೆಯೇ ಹೆಂಡತಿಯೂ ಹೋದಳು. ಸ್ವಲ್ಪ ಹೊತ್ತಿನಲ್ಲಿ, ಅರ್ಧ ತೆರೆದ ಬಾಗಿಲಿನಾಚೆಯಿಂದ ಅಕ್ಕನ ಧ್ವನಿ ಕೇಳಿತು. ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು.

"ನಂದೇ ಸರಿ ಇರಲಿಲ್ಲ ಕಣೇ. ಐವತ್ತೆಂಟು ವರ್ಷದ್ದು. ಬಿಸಿಲಲ್ಲಿ ಓಡಿ ಓಡಿ ಸವೆದುಹೋಗಿತ್ತೋ ಏನೋ. ಹಳೇದನ್ನ ತಂದು ನನ್ನ ತಮ್ಮನಿಗೆ ಅಂಟಿಸಿಬಿಟ್ಟೆ."

"ಹಂಗೆಲ್ಲ ಅನ್ಬೇಡಿ ಅತ್ತಿಗೆ..."

"ಅವನು ಒಂದು ಹೊತ್ತೂ ತಪ್ಪಿಸಿಲ್ಲ. ನಾನೇ ಫೋನಲ್ಲಿ ಕೇಳಿಸಿಕೊಂಡಿದ್ದೀನಿ, ಗಟಗಟ ಅಂತ ನುಂಗೋನು. ಕೊಟ್ಟಿದ್ದೇ ಕೆಟ್ಟದಾದ್ರೆ ಪಾಪ ಅವನೇನು ಮಾಡ್ತಾನೆ?" ಎಂದವಳೇ ಅಕ್ಕ ಬಿಕ್ಕಿಬಿಕ್ಕಿ ಅಳತೊಡಗಿದಳು. ಮೂವತ್ತೈದು ವರ್ಷ ಸ್ಕೂಲನ್ನೇ ನಡುಗಿಸಿದ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ಅಳುವುದನ್ನು ಷರಾ ಸಾಹೇಬರು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಅವರಿಗೆ ತಮ್ಮ ಮೇಲೆ ಎಂಥ ಹೇಸಿಗೆ ಬಂತೆಂದರೆ, ಸ್ಟಿರಾಯ್ಡ್ ಬಾಟಲಿ ತೂಗುತ್ತಿದ್ದ ಕಂಬವನ್ನೂ ಜೊತೆಗೇ ಎಳೆದುಕೊಂಡು ಎದ್ದು ಬಾಗಿಲಿಗೆ ಹೋಗಲು ನೋಡಿದರು. ನರ್ಸ್ ಹಿಡಿದು ಕೂರಿಸಿದಳು. ಆಗ ಹೆಂಡತಿಯನ್ನು ಕರೆದು, "ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಕೆಂಪು ಪಟ್ಟಿಯ ಕಡತ ಇದೆ. ತಗೊಂಡು ಬಾ. ಏನೂ ಕೇಳ್ಬೇಡ" ಅಂದರು.

ಅವಳು ಹೋಗಿ ಬರುವ ಒಂದು ಗಂಟೆ ಅವರಿಗೆ ಒಂದು ವರ್ಷವಾಯಿತು. ಕಡತ ಬಂದ ಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನಿಗೆ ಕೊಟ್ಟರು. "ಅಕ್ಕಾ, ನಿಂದು ಸರಿಯಾಗೇ ಇತ್ತು. ಸರಿಯಿಲ್ಲದ್ದು ನಾನು."

ಅಕ್ಕ ಕಣ್ಣೊರೆಸಿಕೊಂಡು ಕಡತ ಬಿಚ್ಚಿದಳು. ಮೊದಲು ಲಕೋಟೆಗಳನ್ನು ನೋಡಿದಳು, ತಾರೀಕುಗಳನ್ನು ನೋಡಿದಳು. ಆಮೇಲೆ ಆದೇಶವನ್ನು ಮೇಲಿನಿಂದ ಕೆಳಗಿನವರೆಗೆ, ಡ್ರಿಲ್ ಪಟ್ಟಿ ಓದುವ ಹಾಗೆ, ಒಂದಕ್ಷರ ಬಿಡದೆ ಓದಿದಳು. ಕೊನೆಗೆ 'ಪ್ರತಿ' ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟಳು.

"ಹೃದಯಕ್ಕೆ ಕಳಿಸಿದ್ದೀಯ. ಯಕೃತ್ತಿಗೆ ಕಳಿಸಿದ್ದೀಯ. ಶ್ವಾಸಕೋಶ ಎರಡಕ್ಕೂ ಕಳಿಸಿದ್ದೀಯ. ನನಗ್ಯಾಕೋ ಒಂದು ಪ್ರತಿ ಕಳಿಸ್ಲಿಲ್ಲ?"

ಮೂವತ್ತು ವರ್ಷದ ಸೇವೆಯಲ್ಲಿ ಸಾಹೇಬರ ಆದೇಶದ ಮೇಲೆ ಎದ್ದ ಮೊದಲ ಆಕ್ಷೇಪಣೆ ಅದು, ಅದೂ ನೂರಕ್ಕೆ ನೂರು ಸರಿಯಾದದ್ದು. ಅವರು ಚಿಕ್ಕ ಮಗುವಿನಂತೆ ಗೊಳೋ ಎಂದು ಅತ್ತರು. ಅಕ್ಕ ಅದೇ ಕಡತದಿಂದ ಅವರ ತಲೆಗೆ ಎರಡು ಬಾರಿಸಿದಳು. ಲಕೋಟೆಗಳು ಹಾಸಿಗೆಯ ತುಂಬ ಚೆಲ್ಲಿದವು. ಆಮೇಲೆ ಅವಳೇ ಆ ತಲೆಯನ್ನು ಎದೆಗೆ ಒತ್ತಿಕೊಂಡು, ಕೂದಲು ಸರಿಮಾಡಿದಳು.

ಡಾಕ್ಟರಮ್ಮನೂ ಕಡತ ಓದಿದರು. ಬೈಯಬೇಕೆಂದು ಬಾಯಿ ತೆರೆದವರು 'ಕಟ್ಟುನಿಟ್ಟಿನ ಪಾಲನೆಗಾಗಿ' ಎಂಬಲ್ಲಿಗೆ ಬಂದಾಗ ಗೋಡೆ ಕಡೆಗೆ ತಿರುಗಿ ನಕ್ಕರು. ಮತ್ತೆ ಇತ್ತ ತಿರುಗಿದಾಗ ಮುಖ ಗಂಭೀರವಾಗಿತ್ತು. "ಬಿಳಿ ಕಣಗಳಿಗೆ ವರ್ಷವಾದ್ರೂ ಒಂದೇ, ಇಪ್ಪತ್ತು ವರ್ಷವಾದ್ರೂ ಒಂದೇ. ಅವಕ್ಕೆ ಪ್ರೊಬೇಷನ್ ಅನ್ನೋದೇ ಇಲ್ಲ. ಅವು ಸುಮ್ಮನಿದ್ದದ್ದು ಕಿಡ್ನಿಯನ್ನ ಒಪ್ಪಿಕೊಂಡು ಅಲ್ಲ, ಮಾತ್ರೆ ಅವುಗಳನ್ನ ಹಿಡಿದಿದ್ರಿಂದ. ಕೈ ನಡುಗ್ತಿದೆ ಅಂತ ನನಗೆ ಹೇಳಿದ್ರೆ ಪ್ರಮಾಣ ಹೊಂದಿಸಬಹುದಿತ್ತಲ್ರೀ."

ಅಷ್ಟು ಸುಲಭದ ದಾರಿ ಇತ್ತು ಎಂದು ತಿಳಿದಾಗ ಸಾಹೇಬರಿಗೆ ಮತ್ತಷ್ಟು ಅಳು ಬಂತು.

ಮೂರು ದಿನ ಸ್ಟಿರಾಯ್ಡ್ ಇಳಿಸಿದರು, ಹಳೇ ಮಾತ್ರೆಗಳು ಮತ್ತೆ ಶುರುವಾದವು. ಸ್ಟಿರಾಯ್ಡಿನ ಅಮಲಿನಲ್ಲಿ ಸಾಹೇಬರಿಗೆ ಒಂದೇ ಸಮನೆ ಹಸಿವು, ಒಂದೇ ಸಮನೆ ಮಾತು. ವಾರ್ಡಿನ ದಿಂಬುಗಳ ಹಂಚಿಕೆಯ ಬಗ್ಗೆ ನಾಲ್ಕು ಸುತ್ತೋಲೆ ಬರೆದರು. ಐದನೇ ದಿನ ಊತ ಇಳಿಯಿತು. ಕಿಡ್ನಿ ಉಳಿಯಿತು, ಆದರೆ ಮೊದಲಿನಷ್ಟು ಚುರುಕಾಗಿ ಅಲ್ಲ. ಆದ ಗಾಯದಲ್ಲಿ ಒಂದು ಪಾಲು ಹಾಗೇ ಇರುತ್ತದೆ, ಇನ್ನೊಂದು ಸಲ ಹೀಗಾದರೆ ಉಳಿಸಲಾಗದು ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು.

ಮನೆಗೆ ಬಂದ ದಿನ ಸಂಜೆ ಎಂಟಕ್ಕೆ ಫೋನ್ ಬರಲಿಲ್ಲ. ಸಾಹೇಬರು ನೀರಿನ ಲೋಟ ಹಿಡಿದು ಫೋನನ್ನೇ ನೋಡುತ್ತಾ ಕೂತರು. ವರ್ಷವಿಡೀ ಶಾಪ ಹಾಕಿದ ಸೀಟಿಗಾಗಿ ಅವರ ಕಿವಿ ಹಾತೊರೆಯುತ್ತಿತ್ತು. ಅಷ್ಟರಲ್ಲಿ ಅದು ಬಾಗಿಲಲ್ಲೇ ಕೇಳಿತು. ಎಷ್ಟು ಜೋರಾಗಿತ್ತೆಂದರೆ ಪಕ್ಕದ ಮನೆಯ ನಾಯಿ ಎದ್ದು ಕೂತಿತು.

ಅಕ್ಕನ ಕಂಕುಳಲ್ಲಿ ಹಳೇ ಸ್ಕೂಲಿನ ಹಾಜರಿ ಪುಸ್ತಕವಿತ್ತು. ಮೇಜಿನ ಮೇಲೆ ತೆರೆದಿಟ್ಟಳು. ದಿನಾಂಕ, ಬೆಳಿಗ್ಗೆ, ಸಂಜೆ, ಷರಾ ಎಂದು ನಾಲ್ಕು ಕಲಂ ಗೆರೆ ಹಾಕಿತ್ತು.

"ನುಂಗು. ಬಾಯಿ ತೆಗೆ. ನಾಲಿಗೆ ಎತ್ತು. ಹ್ಞಾಂ, ಈಗ ಸಹಿ ಹಾಕು."

ಸಾಹೇಬರು ಪೆನ್ನು ಹಿಡಿದರು. ಮಾತ್ರೆ ಮತ್ತೆ ಶುರುವಾಗಿ ವಾರವಾಗಿತ್ತು, ಕೈ ಹಳೇ ಚಾಳಿಗೆ ಬಿದ್ದು ನಡುಗುತ್ತಿತ್ತು. ಸುರುಳಿ ಒಡೆಯಿತು, ಬಾಲ ಸೊಟ್ಟಗಾಯಿತು, ಚುಕ್ಕೆ ಹೋಗಿ ಪಕ್ಕದ ಕಲಂನಲ್ಲಿ ಬಿತ್ತು. ಅವರು ನಾಚಿಕೆಯಿಂದ ಪುಸ್ತಕವನ್ನು ಅಕ್ಕನ ಕಡೆ ತಳ್ಳಿದರು.

ಅಕ್ಕ ಕನ್ನಡಕ ಏರಿಸಿಕೊಂಡು ಆ ಸಹಿಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಪೆನ್ನು ಕಿತ್ತುಕೊಂಡು, ಷರಾ ಕಲಂನಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: 'ಸಹಿ ತುಂಬಾ ಚೆನ್ನಾಗಿದೆ.'